ನಲವತ್ತನೆಯ ಶಬ್ದ

ಪುಸ್ತಕ ಮುಟ್ಟದೆ ಮೂರು ಗಂಟೆ ಮಂತ್ರ ಹೇಳಬಲ್ಲ ನನ್ನ ನಾಲಿಗೆಗೆ ನಲವತ್ತು ಇಂಗ್ಲಿಷ್ ಶಬ್ದಗಳೇನು ಮಹಾ! ನಿಟ್ಟೂರಿನ ಸುತ್ತಮುತ್ತ ಗೃಹಪ್ರವೇಶವಿರಲಿ, ತಿಥಿಯಿರಲಿ, ಪುರೋಹಿತ ಸುಬ್ಬಕೃಷ್ಣ ಭಟ್ಟನೇ ಬೇಕು. ಅಂಥ ನಾನು ಒಂದು ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ, ಮಣೆಯಿಂದ ಏಳುವ ಮೊದಲೇ ಘೋಷಿಸಿಬಿಟ್ಟೆ: "ಎಂಟೇ ದಿನ! ಇಂಗ್ಲಿಷನ್ನ ಕೂಸಿನ ಬಾಯಲ್ಲಿ ಕೂರಿಸ್ತಿ!"

ಸಂಗತಿ ಹಗುರದ್ದಲ್ಲ. ಮಗಳು ಧೃತಿ ಏಳನೆಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿ, ತಾನಾಗಿ ಹಠ ಹಿಡಿದು, ಹೊಸನಗರದ ಶಾಲೆಯೊಂದರ ಇಂಗ್ಲಿಷ್ ಮಾಧ್ಯಮಕ್ಕೆ ಎಂಟನೆಯ ತರಗತಿಗೆ ಸೇರಿದ್ದಳು. ಇಂಗ್ಲಿಷ್ ಕಲಿಸುವ ತೃಪ್ತಿ ಮಿಸ್ ನಲವತ್ತು ಕಠಿಣ ಶಬ್ದಗಳ ಪಟ್ಟಿಯನ್ನು ವಾಟ್ಸ್ಯಾಪಿನಲ್ಲಿ ಕಳಿಸಿದ್ದರು. ಮುಂದಿನ ವಾರದ ಶನಿವಾರ ಮೌಖಿಕ ಪರೀಕ್ಷೆ. ಮೂವತ್ತು ಶಬ್ದಗಳಿಗೆ ಅರ್ಥ ಹೇಳದಿದ್ದರೆ ಕನ್ನಡ ಮಾಧ್ಯಮದ ವಿಭಾಗಕ್ಕೆ ವಾಪಸು. ಮಗಳು ಆ ಪಟ್ಟಿ ಹಿಡಿದುಕೊಂಡು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಹೆಂಡತಿ ಶರಾವತಿ ಅಡುಗೆಮನೆಯಿಂದ ಇಣುಕಿದಳು. "ನಿಮಗೆ ಇಂಗ್ಲಿಷ್ ಎಷ್ಟು ಬತ್ತು?"

"ಸಾಗರದ ಪಾಠಶಾಲೆಗೆ ಹೋದಾಗ ನಂಗೆ ಸಂಸ್ಕೃತ ಎಷ್ಟು ಬತ್ತಿತ್ತು? ಮೊದಲು ಬಾಯಿಗೆ ಬರಬೇಕು. ಅರ್ಥ ತನ್ನಷ್ಟಕ್ಕೇ ಬತ್ತು!"

"ಮಂತ್ರ ಹೇಳುವಾಗ ನಡುವೆ ನಿಲ್ಲಿಸಿ ಪ್ರಶ್ನೆ ಕೇಳೋರು ಯಾರೂ ಇಲ್ಲೆ. ಶಾಲೆ ಹಂಗಲ್ಲ."

ಹೆಂಗಸರಿಗೆ ಇಂಥ ಶಾಸ್ತ್ರ ಎಲ್ಲಿ ತಿಳಿಯಬೇಕು ಎಂದುಕೊಂಡೆ. ಈ ಮಾತನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ನಮ್ಮ ಪದ್ಧತಿಗೆ ಸಂಥೆ ಎನ್ನುತ್ತಾರೆ. ಗುರು ಒಂದು ಸಲ ಹೇಳುವುದು, ಶಿಷ್ಯ ಎರಡು ಸಲ. ಸ್ವರ ಏರಿದಲ್ಲಿ ಕತ್ತು ಮೇಲೆ, ಇಳಿದಲ್ಲಿ ಕೆಳಗೆ. ನಡುವೆ ತಪ್ಪಿದರೆ ರಿಯಾಯಿತಿಯಿಲ್ಲ, ಮತ್ತೆ ಮೊದಲಿನಿಂದ! ಮಿಸ್ ಕೊಟ್ಟ ಕ್ರಮ ನಾಲಿಗೆಗೆ ಒಗ್ಗಲಿಲ್ಲವಾದ್ದರಿಂದ ಅದನ್ನೂ ನಾನೇ ತಿದ್ದಿದೆ. ಮೊದಲಿಗೆ ಅಬಂಡಂಟ್, ಕೊನೆಗೆ ಹ್ಯೂಮಿಲಿಟಿ. ಹ್ಯೂಮಿಲಿಟಿಗೆ ವಿನಯ ಎಂದು ಅರ್ಥ ಬರೆದಿತ್ತು. ಅದು ಯಾರಿಗೆ ಬೇಕು! ಕೊನೆಯ 'ಟೀ' ಎಳೆಯಲು ಬಲು ಸೊಗಸಾಗಿತ್ತು, ಅದಕ್ಕೇ ಅಲ್ಲಿಟ್ಟೆ.

"ಅಬಂಡಂಟ್ ಸಮೃದ್ಧ, ಬೆನೆವೊಲೆಂಟ್ ದಯಾಳು..." ಎಂದು ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು. ಪಕ್ಕದ ಮನೆಯ ಸುಬ್ಬರಾಯಣ್ಣ ಬೇಲಿಯಾಚೆ ನಿಂತು, "ಯಾವ ಶಾಂತಿಯ ಮಂತ್ರವೋ ಭಟ್ಟಾ ಇದು?" ಎಂದು ಕೈಮುಗಿದರು. ಎಂಟನೆಯ ದಿನ ಧೃತಿ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ, ನಲವತ್ತನ್ನೂ ಒಂದು ಸ್ವರ ತಪ್ಪದೆ ಒಪ್ಪಿಸಿದಳು. ನನ್ನ ಎದೆ ಎರಡಂಗುಲ ಉಬ್ಬಿತು.

ಶನಿವಾರ ಮಧ್ಯಾಹ್ನ ಮಗಳು ಬಸ್ಸಿಳಿದು ಬಂದಳು. ಮುಖ ನೋಡಿದೊಡನೆ ನನ್ನ ಎದೆ ತನ್ನ ಎರಡಂಗುಲವನ್ನು ಬಿಟ್ಟುಕೊಟ್ಟಿತು.

"ನಲವತ್ತಕ್ಕೆ ನಾಲ್ಕು, ಅಪ್ಪಯ್ಯ."

"ನಾಲ್ಕು? ಎಲ್ಲ ಗೊತ್ತಿದ್ದಲೇ ನಿಂಗೆ!"

"ಗೊತ್ತಿದ್ದು. ಆದ್ರೆ ಮೊದಲಿಂದ ಹೇಳದೇ ಇದ್ರೆ ಬತ್ತಿಲ್ಲೆ."

ಮಿಸ್ ಮೊದಲು ಕೇಳಿದ್ದೇ ನಮ್ಮ ಕ್ರಮದ ಮೂವತ್ಮೂರನೆಯ ಶಬ್ದ. ಒಂದೊಂದಕ್ಕೆ ಹತ್ತು ಸೆಕೆಂಡು. ಮಗಳು ಕಣ್ಣು ಮುಚ್ಚಿ ಅಬಂಡಂಟಿನಿಂದ ಹೊರಟಿದ್ದಾಳೆ. ಐದನೆಯದಕ್ಕೆ ಬರುವಷ್ಟರಲ್ಲಿ ಹೊತ್ತು ಮುಗಿದಿದೆ. ಮುಂದಿನ ಪ್ರಶ್ನೆಗೆ ಮತ್ತೆ ಅಬಂಡಂಟಿನಿಂದ! ಬಂದದ್ದು ನಮ್ಮ ಕ್ರಮದ ಮೊದಲ ನಾಲ್ಕು ಮಾತ್ರ. ಅವಳು ಕತ್ತು ಮೇಲೆ ಕೆಳಗೆ ಮಾಡುವುದನ್ನು ನೋಡಿ ಇಡೀ ತರಗತಿ ನಕ್ಕಿತಂತೆ. ಅಷ್ಟು ಹೇಳಿ ಮಗಳು ಚೀಲವನ್ನೂ ಇಳಿಸದೆ ಅತ್ತಳು. ಆದರೆ ತಪ್ಪು ನನ್ನದೆಂದು ಹೊಳೆಯಿತೇ? ಇಲ್ಲ! ಬಂದದ್ದು ಸಿಟ್ಟು.

ಸೋಮವಾರ ಶಲ್ಯ ಹೊದ್ದು, ಮಗಳೊಂದಿಗೆ ಶಾಲೆಗೆ ದಂಡೆತ್ತಿ ಹೋದೆ. ತೃಪ್ತಿ ಮಿಸ್ ತೀರ್ಥಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವರು, ಮೆದು ಮಾತಿನವರು.

"ನನ್ನ ಮಗಳಿಗೆ ನಲವತ್ತೂ ಬರುತ್ತೆ ಮೇಡಂ! ಕೇಳುವ ಕ್ರಮವೇ ಸರಿಯಿಲ್ಲ!"

"ಕಲಿಸಿದ್ದು ನೀವೇ ಅಲ್ವಾ ಭಟ್ರೇ? ಹಂಗಾದ್ರೆ ನೀವೇ ಹೇಳಿ. ಹ್ಯೂಮಿಲಿಟಿ ಅಂದ್ರೇನು?"

ಇದೇನು ಮಹಾ ಎಂದು ಬಾಯಿ ತೆರೆದೆ. ನಾಲಿಗೆಯ ಮೇಲೆ ನಿಂತಿದ್ದು ಒಂದೇ ಒಂದು ಶಬ್ದ, ಪಟ್ಟಿಯ ಮೊದಲನೆಯದು. ಬೇರೆ ದಾರಿಯೇ ಇಲ್ಲದೆ ಕಣ್ಣು ಮುಚ್ಚಿದೆ. "ಅಬಂಡಂಟ್ ಸಮೃದ್ಧ, ಬೆನೆವೊಲೆಂಟ್ ದಯಾಳು..." ಇಪ್ಪತ್ತಾರಕ್ಕೆ ಬಂದಾಗ ಶಾಲೆಯ ಗಂಟೆ ಢಣ್ ಎಂದಿತು. ತಪ್ಪಿತು! ತಪ್ಪಿದ ಮೇಲೆ ನಿಯಮ ನಿಯಮವೇ. ಮತ್ತೆ ಮೊದಲಿನಿಂದ! ಕಣ್ಣು ಬಿಟ್ಟಾಗ ಕಿಟಕಿಯ ತುಂಬ ಮಕ್ಕಳ ತಲೆಗಳು. ಬಾಗಿಲಲ್ಲಿ ನನ್ನ ಮಗಳು. ಎಲ್ಲರೂ ನಗುತ್ತಿದ್ದರು, ಅವಳೊಬ್ಬಳು ನಗಲಿಲ್ಲ. ಶನಿವಾರ ಅವಳು ಎಲ್ಲಿ ನಿಂತಿದ್ದಳೆಂಬುದು ನನಗೆ ಆಗ ತಿಳಿಯಿತು.

"ಅವಳಿಗೆ ಗೊತ್ತಿದೆ ಅಂತ ನಂಗೂ ಅರ್ಥ ಆಯ್ತು," ಎಂದರು ಮಿಸ್. "ಬರೋ ಶನಿವಾರ ಇನ್ನೊಂದ್ಸಲ ಕೇಳ್ತೀನಿ. ಈ ಸಲ ಕೊನೇಲಿ ಪಟ್ಟಿಯ ಶಬ್ದ ಬಳಸಿ ಒಂದು ವಾಕ್ಯಾನೂ ಬರೀಬೇಕು. ನೀವು ಮಾತ್ರ ಕಲಿಸ್ಬೇಡಿ."

ಆ ವಾರ ನನಗೆ ಮೌನವ್ರತ. ಕಲಿಸಿದ್ದು ಶರಾವತಿ. ಅವಳು ಓದಿದ್ದು ಹತ್ತನೆಯವರೆಗೆ. ಆದರೆ ಎಂಟು ದಿನ ನಾನು ಕೂಗಿದ್ದೆಲ್ಲ ಅಡುಗೆಮನೆಗೆ ಕೇಳಿಸಿತ್ತಲ್ಲ! ಹಿಂದಿಲ್ಲ, ಮುಂದಿಲ್ಲ, ಕೈಗೆ ಸಿಕ್ಕಿದ್ದಕ್ಕೆಲ್ಲ ಒಂದೊಂದು ಶಬ್ದ ಹಚ್ಚಿದಳು. "ಕೂಸೇ, ಮಜ್ಜಿಗೆ ಅಬಂಡಂಟು, ಅವಲಕ್ಕಿ ಸ್ಕೇರ್ಸು. ಅಂದ್ರೆ ಎಂತ?" "ಕೊರತೆ, ಅಮ್ಮ!" "ನಿನ್ನ ಅಪ್ಪಯ್ಯ ಆಬ್ಸ್ಟಿನೇಟು. ಅಂದ್ರೆ?" "ಹಠಮಾರಿ!" ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮಗಳು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದಳು. ನಾನು ಜಗಲಿಯಲ್ಲಿ ಪಂಚಾಂಗ ತಿರುವುತ್ತ ಕೂತಿದ್ದೆ.

ಶನಿವಾರ ಮಗಳು ಬಸ್‌ಸ್ಟಾಪಿನಿಂದಲೇ ಓಡುತ್ತ ಬಂದಳು. "ಮೂವತ್ತೇಳು! ವಾಕ್ಯಕ್ಕೆ ಮಿಸ್ಸಿಂದ 'ವೆರಿ ಗುಡ್' ಸಿಕ್ಕಿದ್ದು!"

ನನ್ನ ಕಣ್ಣು ತುಂಬಿಬಂತು, ಸುಳ್ಳೇಕೆ ಹೇಳಲಿ! ಅದನ್ನು ಮರೆಸಲು ಗತ್ತಿನಿಂದ ಕೇಳಿದೆ: "ನನ್ನ ಸಂಥೆಯೂ ಸ್ವಲ್ಪ ಉಪಯೋಗಕ್ಕೆ ಬಂತು, ಅಲ್ದಾ? ಎಲ್ಲಿ, ಆ ವಾಕ್ಯ ಓದಿ ಅರ್ಥ ಹೇಳು."

ಧೃತಿ ಅಮ್ಮನ ಮುಖ ನೋಡಿದಳು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮಗಳು ಪುಸ್ತಕ ತೆರೆದು, ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಮೆಲ್ಲಗೆ ಓದಿದಳು:

"ನನ್ನ ಅಪ್ಪನಿಗೆ ಹ್ಯೂಮಿಲಿಟಿ ಬರುತ್ತದೆ, ಆದರೆ ಅದಕ್ಕೂ ಮೊದಲು ಬೇರೆ ಮೂವತ್ತೊಂಬತ್ತು ಬರುತ್ತವೆ."