ನನಗೂ ದಂಡ ಹಾಕಿ ಸ್ವಾಮಿ

ಸರ್ಕಾರಿ ಜಾಗದಲ್ಲಿ ಮನೆ ಹಾಕಿಕೊಂಡವರು ನಗುವುದಕ್ಕೆಂದು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ, ಅದೂ ಜೀಪು ಹತ್ತಿಕೊಂಡು, ಬಾಗಿಲಿಗೆ ಬರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಗಡಿ ದಾಟಿದರೆ ಸಿಗುವ ತಮಿಳುನಾಡಿನ ಹೊಸೂರಿನ ಕಾರ್ಖಾನೆಗಳಲ್ಲಿ ನಮಗೆಲ್ಲ ಕೆಲಸ ಸಿಕ್ಕಿತು, ಇರಲು ಮನೆ ಸಿಗಲಿಲ್ಲ. ಮತ್ತಿಗಿರಿಯ ಆಚೆ ಪೊರಂಬೋಕು ಜಾಗ, ಅಂದರೆ ಯಾರ ಹೆಸರಿನಲ್ಲೂ ಇಲ್ಲದ ಸರ್ಕಾರದ ನೆಲ, ಖಾಲಿ ಬಿದ್ದಿತ್ತು. ಅಲ್ಲಿ ನಲವತ್ತು ಗುಡಿಸಲು ಎದ್ದವು. ಒಂದು ನನ್ನದು. ಕಟ್ಟಕಡೆಯದು ಸೊಪ್ಪು ಮಾರುವ ಒಬ್ಬಂಟಿ ಅಜ್ಜಿಯದು. ಈಗ ಅಲ್ಲಿ ಮಹಡಿ ಮನೆಗಳಿವೆ, ನಮ್ಮದೂ ಸೇರಿ. ಆದರೂ ನನಗೆ ಆ ಗುಡಿಸಲಿನ ದಿನಗಳ ಮೇಲೇ ಆಸೆ.

೧. ಕಾವಲು

ಗುಡಿಸಲು ಕೀಳಿಸಲು ಜೀಪು ಬಂದರೆ ತಟ್ಟೆ ಬಡಿದು ಎಲ್ಲರನ್ನೂ ಕರೆಯಬೇಕು. ಅದಕ್ಕೊಂದು ಸಂಘ ಮಾಡಿಕೊಂಡೆವು. ನಮಗೆ ಗೊತ್ತಿದ್ದುದು ಕಾರ್ಖಾನೆ ಒಂದೇ. ಹಾಗಾಗಿ ಕಾವಲಿಗೂ ಎ ಶಿಫ್ಟು, ಬಿ ಶಿಫ್ಟು, ಹಾಜರಿ ಪುಸ್ತಕ ಎಲ್ಲ ಬಂತು. ಒಂದು ಮಧ್ಯಾಹ್ನ ವೆಲ್ಡರ್ ಒಬ್ಬ ಕಾವಲಿಗೆ ಕೂತು ಗೊರಕೆ ಹೊಡೆಯುತ್ತ ಸಿಕ್ಕಿಬಿದ್ದ. ಸಂಘದ ಕಾರ್ಯದರ್ಶಿಯಾಗಿದ್ದ ನಾನು ಅವನಿಗೆ ಮೆಮೋ ಕೊಟ್ಟೆ. ಕಾರ್ಖಾನೆಯಲ್ಲಿ ಮೆಮೋ ತೆಗೆದುಕೊಂಡೇ ಅಭ್ಯಾಸವಿದ್ದ ನನಗೆ, ಕೊಡುವುದರಲ್ಲಿ ಎಷ್ಟು ಸುಖವಿದೆ ಎಂದು ಅವತ್ತು ಗೊತ್ತಾಯಿತು.

ಮಾರನೆಯ ದಿನ ಅವನು ಸಂಘದ ಮೇಲೆಯೇ ಮುಷ್ಕರ ಹೂಡಿದ. ಹುಣಸೆಮರದ ಕೆಳಗೆ ಒಬ್ಬನೇ ಕೂತಿದ್ದ. ನಾವು ಸಂಘದವರೆಲ್ಲ ಹೋದೆವು.

‘ಏನ್ಲಾ ಇದು? ಎದ್ದೇಳು’ ಎಂದೆ.

‘ಮೆಮೋ ವಾಪಸ್ ತಗೊಳ್ಳೋಗಂಟ ಏಳಾಕಿಲ್ಲ ಕಣ್ಲಾ’ ಎಂದವನೇ ಮುಷ್ಟಿ ಎತ್ತಿ ಕೂಗಿದ, ‘ಸಂಘದ ದಬ್ಬಾಳಿಕೆಗೆ...’

ಕಾರ್ಖಾನೆ ಗೇಟಿನಲ್ಲಿ ಘೋಷಣೆ ಕೂಗಿ ಆದ ಅಭ್ಯಾಸ. ನಾವೆಲ್ಲ ಒಟ್ಟಿಗೆ ‘ಧಿಕ್ಕಾರ’ ಎಂದುಬಿಟ್ಟೆವು. ನನ್ನ ದನಿಯೇ ಎಲ್ಲರಿಗಿಂತ ಜೋರಾಗಿತ್ತು.

೨. ಮೂರು ಭಾಷೆ

ಸೊಪ್ಪಿನ ಅಜ್ಜಿ ತಮಿಳಿನಲ್ಲಿ ಚೌಕಾಸಿ ಮಾಡುತ್ತಿದ್ದಳು, ತೆಲುಗಿನಲ್ಲಿ ಬೈಯುತ್ತಿದ್ದಳು, ಕನ್ನಡದಲ್ಲಿ ಅಳುತ್ತಿದ್ದಳು. ಇದು ರೆವಿನ್ಯೂ ಇನ್‌ಸ್ಪೆಕ್ಟರಿಗೆ ಗೊತ್ತಿರಲಿಲ್ಲ. ಅವರು ಬಂದು, ಜಾಗ ಖಾಲಿ ಮಾಡಬೇಕೆಂಬ ಆದೇಶವನ್ನು ತಮಿಳಿನಲ್ಲಿ ಓದಿದರು. ತಿಳಿಯಿತು ಎಂದು ಯಾರಾದರೂ ಹೆಬ್ಬೆಟ್ಟು ಒತ್ತಬೇಕಿತ್ತು. ಅಜ್ಜಿ ಮುಂದೆ ಬಂದು, ನಮಗೆ ತಮಿಳು ಬರುವುದಿಲ್ಲ ಎಂದು ತೆಲುಗಿನಲ್ಲಿ ಹೇಳಿದಳು.

ಮುಂದಿನ ವಾರ ತೆಲುಗು ಬಲ್ಲ ಜವಾನ ಬಂದ. ತೆಲುಗು ಬರುವುದಿಲ್ಲ ಎಂದು ಕನ್ನಡದಲ್ಲಿ ಹೇಳಿದಳು. ಅದರ ಮುಂದಿನ ವಾರ ಕನ್ನಡ ಮೇಷ್ಟ್ರೊಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ಬಂದರು. ಮೇಷ್ಟ್ರು ಪಾಠ ಮಾಡುವ ಹಾಗೆ ನಿಧಾನವಾಗಿ ಓದಿ, ‘ಅಜ್ಜಿ, ತಿಳೀತಾ?’ ಎಂದರು.

‘ಏನೋ ಕಾಣೆ ಮೇಷ್ಟ್ರೆ, ಹೋದ ವರ್ಸದಿಂದ ನಂಗೆ ಕಿವೀನೇ ಕೇಳ್ಸಾಕಿಲ್ಲ.’

ಇನ್‌ಸ್ಪೆಕ್ಟರು ಸೋತು ಜೀಪಿಗೆ ಒರಗಿ ನಿಂತರು. ಬಾಯಾರಿಕೆ ಆಗುತ್ತಿದೆ ಎಂದು ಡ್ರೈವರಿಗೆ ತಮಿಳಿನಲ್ಲಿ ಮೆಲ್ಲಗೆ ಹೇಳಿದರು. ಅಜ್ಜಿ ಆಗಲೇ ಮಜ್ಜಿಗೆ ತರಲು ಒಳಗೆ ಹೋಗಿಬಿಟ್ಟಿದ್ದಳು.

೩. ದಂಡ

ಐದು ವರ್ಷ ಕಳೆಯಿತು. ನಮ್ಮನ್ನು ಎಬ್ಬಿಸಲಾಗದೆ, ಒತ್ತುವರಿಗೆ ದಂಡದ ಚೀಟಿ ಬರೆಯಲು ಅದೇ ಇನ್‌ಸ್ಪೆಕ್ಟರು ಬಂದರು. ಅಷ್ಟರಲ್ಲಿ ಅವರಿಗೆ ನಮ್ಮ ಕನ್ನಡವೂ ಬಂದಿತ್ತು. ದಂಡ ಅಂದರೆ ನಮಗೆ ಹಬ್ಬ. ಇಂಥವರು ಇಂಥ ಕಡೆ ಇದ್ದಾರೆ ಎಂದು ಸರ್ಕಾರವೇ ಬರೆದುಕೊಡುವ ಕಾಗದ ಅದು. ಮುಂದೆ ಪಟ್ಟಾ, ಅಂದರೆ ಜಾಗದ ಹಕ್ಕುಪತ್ರ, ಕೊಟ್ಟರೆ ಆ ಚೀಟಿ ಇದ್ದವರಿಗೇ ಕೊಡುವುದು. ಜನ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡು ದಂಡ ಹಾಕಿಸಿಕೊಳ್ಳಲು ಸಾಲಾಗಿ ನಿಂತರು.

ಕೊನೆಗೆ ಅಜ್ಜಿಯ ಸರದಿ ಬಂತು. ಸರಪಳಿ ಹಿಡಿದು ಅಳೆದ ಇನ್‌ಸ್ಪೆಕ್ಟರು ತಲೆಯಾಡಿಸಿದರು. ‘ನಿಮ್ಮ ಗುಡಿಸಲು ಗಡಿಕಲ್ಲಿನ ಆಚೆ ಇದೆ. ಅದು ಖಾಸಗಿ ಹೊಲ. ನಿಮಗೆ ದಂಡ ಇಲ್ಲ.’

‘ನನ್ನೊಬ್ಳುನ್ನ ಬಿಟ್ಬುಟ್ರೆ ನಾನೆಲ್ಲಿಗೋಗ್ಲಿ? ನನಗೂ ದಂಡ ಹಾಕಿ ಸ್ವಾಮಿ’ ಎಂದು ಅಜ್ಜಿ ನೆಲದ ಮೇಲೆ ಕೂತು ಅತ್ತಳು. ಈ ಸಲ ಅದು ನಾಟಕವಲ್ಲ. ಹೊಲದವನು ಯಾವತ್ತು ಬೇಕಾದರೂ ಅವಳನ್ನು ಎಬ್ಬಿಸಬಹುದಿತ್ತು.

ಇನ್‌ಸ್ಪೆಕ್ಟರಿಗೂ ಬೇಜಾರಾಗಿರಬೇಕು. ‘ಕಾಪಿ ಕುಡಿದು ಬರ್ತೀನಿ’ ಎಂದು ರಸ್ತೆ ಬದಿಯ ಅಂಗಡಿಗೆ ಹೋದರು.

ಅವರ ಬೆನ್ನು ಮರೆಯಾದದ್ದೇ ತಡ, ಇಪ್ಪತ್ತು ಜನ ಗುಡಿಸಲಿಗೆ ಕೈ ಹಾಕಿದೆವು. ಬಿದಿರಿನ ಗಳ, ತಡಿಕೆ, ಹುಲ್ಲಿನ ಸೂರು, ಎಷ್ಟಾದೀತು? ನೆಲದಲ್ಲಿದ್ದ ಗಳ ಸಡಿಲಿಸಿ ಹಾಗೇ ಎತ್ತಿ, ಹತ್ತು ಹೆಜ್ಜೆ ನಡೆದು, ಗಡಿಕಲ್ಲಿನ ಈಚೆ ಇಟ್ಟೆವು. ಇನ್‌ಸ್ಪೆಕ್ಟರು ಬಂದಾಗ ಮೈ ಬೆವತಿದ್ದರೂ ಏನೂ ಆಗದವರಂತೆ ನಿಂತಿದ್ದೆವು.

ಅವರು ಗುಡಿಸಲು ನೋಡಿದರು. ಆಮೇಲೆ ಆಚೆ ಹೊಲದಲ್ಲಿ ಬಯಲಲ್ಲೇ ಉರಿಯುತ್ತಿದ್ದ ಒಲೆ ನೋಡಿದರು. ಅದರ ಮೇಲೆ ಮುದ್ದೆಯ ಎಸರು ಕುದಿಯುತ್ತಿತ್ತು.

‘ಅಜ್ಜಿ, ಒಲೆ ಯಾಕೆ ಅಲ್ಲಿದೆ?’

‘ಬಿಸಿ ಇತ್ತು ಸ್ವಾಮಿ, ಎತ್ತಾಕಾಗ್ಲಿಲ್ಲ.’

ಇನ್‌ಸ್ಪೆಕ್ಟರು ಪುಸ್ತಕ ಬಿಚ್ಚಿದರು. ‘ಎಷ್ಟು ಕಾಲದಿಂದ ಈ ಜಾಗ ಆಕ್ರಮಿಸಿಕೊಂಡಿದ್ದೀರಿ?’

ನಾವೆಲ್ಲ ಅವರ ಬೆನ್ನ ಹಿಂದೆ ಐದೈದು ಬೆರಳು ಎತ್ತಿ ತೋರಿಸಿದೆವು. ಗಾಬರಿಯಲ್ಲಿದ್ದ ಅಜ್ಜಿ ನಮ್ಮ ಕಡೆ ನೋಡಲೇ ಇಲ್ಲ.

‘ನೀವು ಕಾಪಿ ಕುಡಿಯಾಕ್ ಹೋದಾಗ್ನಿಂದ ಸ್ವಾಮಿ.’

ಇನ್‌ಸ್ಪೆಕ್ಟರು ತಲೆ ಎತ್ತಲಿಲ್ಲ. ತುಟಿ ಕಚ್ಚಿ ನಗು ತಡೆದುಕೊಂಡು, ‘ಐದು ವರ್ಷದಿಂದ’ ಎಂದು ಬರೆದರು.