ವಿಮಾನಕ್ಕೆ ಬಡ್ತಿ ಸಿಕ್ಕಿದ್ದು

ವಾಯುಪಡೆಯ ಮುಖ್ಯಸ್ಥರು ತಮ್ಮ ಸುದೀರ್ಘ ಸೇವೆಯಲ್ಲಿ ಒಂದೇ ಒಂದು ವಿಮಾನವನ್ನೂ ಕೆಡವಲಿಲ್ಲ. ಇದು ಸರ್ಕಾರವೇ ಒಪ್ಪಿಕೊಂಡ ಸತ್ಯ. ಮೊದಲ ಬಡ್ತಿಯ ನಂತರ ಅವರು ವಿಮಾನ ಹತ್ತಲೇ ಇಲ್ಲ ಎಂಬುದೂ ಸತ್ಯವೇ. ಆದರೆ ಯಾರೂ ಕೇಳದಿದ್ದುದರಿಂದ ಸರ್ಕಾರಕ್ಕೆ ಅದನ್ನು ಒಪ್ಪಿಕೊಳ್ಳುವ ಸಂದರ್ಭ ಬಂದಿರಲಿಲ್ಲ.

ಪ್ರಾಯದಲ್ಲಿ ಸಾಹೇಬರು ಚೆನ್ನಾಗಿಯೇ ಹಾರಿಸುತ್ತಿದ್ದರು. ಆ ಪಡೆಯಲ್ಲೊಂದು ಪದ್ಧತಿ: ವಿಮಾನ ಹಾರಿಸುವವರ ಹುದ್ದೆ ಮತ್ತು ಹೆಸರನ್ನು ಅವರು ಕೂರುವ ಗಾಜಿನ ಗೂಡಿನ ಕೆಳಗೆ ಬಿಳಿ ಬಣ್ಣದಲ್ಲಿ ಬರೆಯುವುದು. ಬಡ್ತಿ ಕೊಟ್ಟು ಸಾಹೇಬರನ್ನು ಕಚೇರಿಗೆ ಕಳಿಸಿದಾಗ ಆ ಹೆಸರನ್ನು ಅಳಿಸಬೇಕಿತ್ತು. ಅಳಿಸಲು ಆದೇಶ ಬರಲಿಲ್ಲ. ಹುದ್ದೆಯನ್ನು ತಿದ್ದಲು ಮಾತ್ರ ಬಂತು. ಮೆಕ್ಯಾನಿಕ್ಕು ಬಣ್ಣದ ಡಬ್ಬಿ ತಂದು ತಿದ್ದಿದ.

ಮರುದಿನ ಅದೇ ವಿಮಾನ ಹತ್ತಲು ಬಂದ ಹೊಸ ಪೈಲಟನನ್ನು ಏಣಿಯ ಬುಡದಲ್ಲೇ ತಡೆಯಲಾಯಿತು. ಮೇಲಧಿಕಾರಿಯ ಹೆಸರನ್ನು ದಾಟಿ ಕಾಲಿಡುವುದು ಅಶಿಸ್ತು ಎಂದು ಸುತ್ತೋಲೆ ಹೊರಟಿತ್ತು. ವಿಮಾನ ಹ್ಯಾಂಗರಿನಲ್ಲೇ ಉಳಿಯಿತು. ಸಾಹೇಬರಿಗೆ ಬಡ್ತಿ ಬಂದಾಗಲೆಲ್ಲ ಅದಕ್ಕೂ ಬಂತು. ಬರೆದ ಹುದ್ದೆಗೆ ಸೆಲ್ಯೂಟ್ ಹೊಡೆಯದೆ ಹೋಗುವಂತಿಲ್ಲವಾದ್ದರಿಂದ ಜನ ಹೊಡೆದರು. ಹಿರಿಯರನ್ನು ಹಿಂದೆ ನಿಲ್ಲಿಸುವಂತಿಲ್ಲವಾದ್ದರಿಂದ ಅದನ್ನು ತಳ್ಳಿ ರನ್‌ವೇಯ ಮುಂಭಾಗಕ್ಕೆ ತಂದರು. ಹಿರಿಯರು ಹೊರಡುವ ಮುನ್ನ ಕಿರಿಯರು ಹೊರಡುವಂತಿಲ್ಲ. ಹಿರಿಯರು ಹೊರಡಲಿಲ್ಲ. ಹೀಗಾಗಿ ಯಾವ ವಿಮಾನವೂ ಹೊರಡಲಿಲ್ಲ. ಆ ವರ್ಷ ಅಪಘಾತಗಳು ಶೂನ್ಯಕ್ಕಿಳಿದವು, ಸಾಹೇಬರಿಗೆ ಪದಕ ಬಂತು. ಇಂಧನದ ಗುತ್ತಿಗೆದಾರ ಮಾತ್ರ ಎಂದಿನಂತೆ ಇಂಧನ ಪೂರೈಸುತ್ತಲೇ ಇದ್ದ. ಟ್ಯಾಂಕುಗಳು ತುಂಬಿದ್ದುದರಿಂದ ಅವನು ಖಾಲಿ ಲಾರಿ ತಂದು, ಖಾಲಿ ಲಾರಿಯನ್ನೇ ವಾಪಸು ಒಯ್ಯುತ್ತಿದ್ದ. ಶಿಸ್ತಿನ ಮನುಷ್ಯ.

ಇಷ್ಟೆಲ್ಲ ಇದ್ದರೂ ಸಾಹೇಬರ ಮನಸ್ಸಿನಲ್ಲೊಂದು ಮುಳ್ಳಿತ್ತು. ನಿವೃತ್ತಿಗೆ ಮುನ್ನ ಒಮ್ಮೆ, ಒಂದೇ ಒಂದು ಸಲ, ಆ ವಿಮಾನವನ್ನು ಹಾರಿಸಬೇಕು. ಊಟದ ಮೇಜಿನಲ್ಲಿ ಚಮಚವನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೆ ವಾಲುತ್ತಿದ್ದರು. ಹೆಂಡತಿ ಪಾತ್ರೆಗಳನ್ನು ದೂರ ಸರಿಸುತ್ತಿದ್ದರು.

“ಹಲ್ಲಿದ್ದಾಗ ಕಡಲೆ ಇರ್ಲಿಲ್ಲ ಅಂತ ಅಳೋರನ್ನ ನೋಡಿದೀನಿ. ನಿಮಗೆ ಎರಡೂ ಇತ್ತು. ಬಾಯಿ ತೆಗೆಯೋಕೆ ಆರ್ಡರ್ ಬರ್ಲಿಲ್ಲ, ಅಷ್ಟೆ.”

“ನೀನು ಸುಮ್ನಿರೇ.”

“ನಾನು ಸುಮ್ನೇ ಇದೀನಿ. ನೀವು ಮೊದ್ಲು ಆ ಸಾರಿನ ಮೇಲಿಂದ ಇಳೀರಿ.”

ಸಾಹೇಬರು ಆಪ್ತ ಸಹಾಯಕನನ್ನು ಕರೆಸಿದರು. ಸಾಹೇಬರ ಪೆನ್ನಿನಲ್ಲಿ ಶಾಯಿ ಎಷ್ಟಿದೆ ಎಂಬುದೂ ಗೊತ್ತಿದ್ದವನು ಅವನು.

“ನಾನೊಮ್ಮೆ ಹಾರಬೇಕಲ್ಲಪ್ಪ.”

“ಧಾರಾಳವಾಗಿ ಸಾರ್. ಮೇಲಧಿಕಾರಿಗಳ ಅನುಮತಿ ಬೇಕು.”

“ನನ್ನ ಮೇಲೆ ಯಾರಿದಾರೆ?”

“ಯಾರೂ ಇಲ್ಲ ಸಾರ್.”

“ಹಾಗಾದ್ರೆ ಯಾರನ್ನ ಕೇಳೋದು?”

“ಅದೇ ತೊಂದರೆ ಸಾರ್. ನಿವೃತ್ತಿ ಆಗ್ಲಿ. ಆಗ ನಿಮ್ಮ ಮೇಲೆ ಒಬ್ಬರು ಬರ್ತಾರೆ. ಆರಾಮಾಗಿ ಕೇಳಬಹುದು.”

ಸಾಹೇಬರಿಗೆ ನಿವೃತ್ತಿಯ ಬಗ್ಗೆ ಮೊದಲ ಬಾರಿ ಆಸೆ ಹುಟ್ಟಿತು.

ನಿವೃತ್ತಿಯ ದಿನ ವಿಮಾನದ ಮೇಲಿನ ಹೆಸರನ್ನು ಅಳಿಸಲು ಕೊನೆಗೂ ಆದೇಶ ಬಂತು. ಮೆಕ್ಯಾನಿಕ್ಕು ಹೆಸರನ್ನು ಅಳಿಸಿದ. ಹುದ್ದೆಯನ್ನು ಅಳಿಸಲು ಆದೇಶವಿರಲಿಲ್ಲವಾದ್ದರಿಂದ ಹುದ್ದೆ ಹಾಗೇ ಉಳಿಯಿತು. ಅತ್ತ ಇಬ್ಬರು ಉಪಮುಖ್ಯಸ್ಥರು ಕುರ್ಚಿಗಾಗಿ ಪರಸ್ಪರ ದಾವೆ ಹೂಡಿಕೊಂಡು ಕೋರ್ಟಿನಲ್ಲಿದ್ದರು. ಪಡೆಯಲ್ಲಿ ಮುಖ್ಯಸ್ಥರೆಂದು ಹಣೆಯ ಮೇಲೆ ಬರೆಸಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಸರ್ಕಾರ ಕೇಳಿತು. ಇದ್ದರು. ಆಯ್ಕೆ ಸಮಿತಿ ರನ್‌ವೇಗೆ ಹೋಗಿ ಸಂದರ್ಶನ ನಡೆಸಿತು. ಅಭ್ಯರ್ಥಿಯು ಎಂದೂ ರಜೆ ಹಾಕಿಲ್ಲ, ವಿದೇಶ ಪ್ರವಾಸ ಕೇಳಿಲ್ಲ, ಮೈದುನನಿಗೆ ಗುತ್ತಿಗೆ ಕೊಡಿಸಿಲ್ಲ, ಯಾವ ಪ್ರಶ್ನೆಗೂ ತಪ್ಪು ಉತ್ತರ ಕೊಟ್ಟಿಲ್ಲ ಎಂದು ಸಮಿತಿ ಬರೆಯಿತು. ವಯಸ್ಸೂ ಅನುಕೂಲವಾಗಿತ್ತು.

ಸಾಹೇಬರು ಅಧಿಕಾರ ಹಸ್ತಾಂತರಿಸಿ, ಸೆಲ್ಯೂಟ್ ಹೊಡೆದು, ಬಂಗಲೆ ತೆರವು ಮಾಡಿದರು. ಹೊಸ ಮುಖ್ಯಸ್ಥರಿಗೆ ರೆಕ್ಕೆಗಳಿದ್ದುದರಿಂದ ಬಂಗಲೆಯ ಎರಡು ಗೋಡೆ ಕೆಡವಬೇಕಾಯಿತು.

“ನಾನು ಒಂದು ಕಿಟಕಿ ದೊಡ್ಡದು ಮಾಡ್ಸಿ ಅಂತ ಎಷ್ಟು ವರ್ಷ ಬಡ್ಕೊಂಡೆ,” ಎಂದರು ಹೆಂಡತಿ.

ಹೊಸ ಆಡಳಿತ ಸುಗಮವಾಗಿತ್ತು. ಕಡತಗಳನ್ನು ಮುಖ್ಯಸ್ಥರ ಸೀಟಿನ ಮೇಲಿಡುವುದು; ವಾರದೊಳಗೆ ಆಕ್ಷೇಪಣೆ ಬಾರದಿದ್ದರೆ, ಮೌನಂ ಸಮ್ಮತಿ ಲಕ್ಷಣಂ. ಇಂಧನದ ಗುತ್ತಿಗೆ ಇನ್ನೂ ಹಲವು ವರ್ಷಕ್ಕೆ ನವೀಕರಣವಾಯಿತು. ಸಾಹೇಬರೂ ಹಾರಾಟಕ್ಕೆ ಅನುಮತಿ ಕೋರಿ ಅರ್ಜಿ ಹಾಕಿದರು. ವಾರ ಕಳೆಯಿತು. ಆಕ್ಷೇಪಣೆ ಬರಲಿಲ್ಲ.

ಹೆಂಡತಿ ಹಳೆಯ ಹಾರಾಟದ ಉಡುಪಿನ ಸೊಂಟ ಬಿಚ್ಚಿ ಎರಡು ಕಡೆ ಬಟ್ಟೆ ಕೊಟ್ಟು ಹೊಲಿದರು. ಗಂಡ ಹೆಂಡತಿ ಬಸ್ಸು ಹಿಡಿದು ರನ್‌ವೇಗೆ ಹೋದರು; ಕಚೇರಿ ವೇಳೆಯಲ್ಲಿ ಮುಖ್ಯಸ್ಥರನ್ನು ಬಂಗಲೆಯಿಂದ ಅಲ್ಲಿಗೆ ತಳ್ಳಿ ತರುತ್ತಿದ್ದರು. ಮೆಕ್ಯಾನಿಕ್ಕು ಏಣಿ ತಂದು ನಿಲ್ಲಿಸಿದ. ಸಾಹೇಬರು ಮೊದಲ ಮೆಟ್ಟಿಲಿಗೆ ಕಾಲಿಟ್ಟರು. ಈಗ ಹೊಸ ಮುಖ್ಯಸ್ಥರ ಸೇವೆಯಲ್ಲಿ ಪಕ್ಕದಲ್ಲೇ ನಿಂತಿದ್ದ ಆಪ್ತ ಸಹಾಯಕ ಕೆಮ್ಮಿದ.

“ಸಾರ್, ನಿಮಗೆ ಅನುಮತಿ ಇದೆ. ವಿಮಾನಕ್ಕಿಲ್ಲ.”

“ಯಾಕೆ?”

“‘ಮುಖ್ಯಸ್ಥರ ಪ್ರಾಣವು ರಾಷ್ಟ್ರದ ಸ್ವತ್ತಾಗಿರುವುದರಿಂದ ಅವರು ಯಾವುದೇ ಕಾರಣಕ್ಕೂ ನೆಲ ಬಿಡತಕ್ಕದ್ದಲ್ಲ.’ ನೀವೇ ಸಹಿ ಮಾಡಿದ್ದು. ಅಧಿಕಾರ ವಹಿಸಿಕೊಂಡ ದಿನ, ಹೂಗುಚ್ಛಗಳ ಮಧ್ಯೆ.”

“ನಾನು ಓದಿದ್ನಾ?”

“ಇಲ್ಲ ಸಾರ್. ಓದಿ ಸಹಿ ಮಾಡ್ಬೇಕು ಅನ್ನೋ ನಿಯಮ ಇಲ್ಲ.”

ಸಾಹೇಬರು ಪಕ್ಕದ ವಿಮಾನದತ್ತ ನೋಡಿದರು.

“ಹಿರಿಯರು ಹೊರಡದೆ ಅದು ಹೊರಡಲ್ಲ ಸಾರ್,” ಎಂದ ಮೆಕ್ಯಾನಿಕ್ಕು, ಕೇಳುವ ಮೊದಲೇ.

ಸಾಹೇಬರು ಸ್ವಲ್ಪ ಹೊತ್ತು ಏಣಿಯ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ನಿಂತಿದ್ದರು. ಬಳಿಕ ಮೇಲಿನ ಕಾಲನ್ನು ಕೆಳಗಿಟ್ಟರು.

“ನಿಯಮ ಸರಿಯಾಗೇ ಇದೆ,” ಎಂದರು. “ಬಹಳ ಜೋಪಾನವಾಗಿ ಬರ್ದಿದಾರೆ.”

ಏಣಿಯಿಂದ ಹಿಂದೆ ಸರಿದು ಮುಖ್ಯಸ್ಥರಿಗೆ ಸೆಲ್ಯೂಟ್ ಹೊಡೆದರು. ಮುಖ್ಯಸ್ಥರು ಎಂದಿನ ಗಾಂಭೀರ್ಯದಿಂದ ಸ್ವೀಕರಿಸಿದರು.

ವಾಪಸು ಬಸ್ಸಿನಲ್ಲಿ ಹೆಂಡತಿ ಕಿಟಕಿಯ ಪಕ್ಕದ ಜಾಗವನ್ನು ಅವರಿಗೇ ಬಿಟ್ಟುಕೊಟ್ಟರು. ಬಸ್ಸು ತಿರುವಿನಲ್ಲಿ ವಾಲಿತು. ಸಾಹೇಬರು ಮುಂದಿನ ಸೀಟಿನ ಸರಳನ್ನು ಎರಡು ಕೈಯಲ್ಲಿ ಹಿಡಿದು ಎಡಕ್ಕೆ ವಾಲಿದರು. ಎದುರು ಕೂತಿದ್ದವರು ಚೀಲಗಳನ್ನು ತಮ್ಮತ್ತ ಎಳೆದುಕೊಂಡರು. ಅವರ ನಿಲ್ದಾಣ ಹತ್ತಿರವಾಯಿತು.

“ರೀ,” ಎಂದರು ಹೆಂಡತಿ, ಟಿಕೆಟ್ಟನ್ನು ಮಡಚುತ್ತ, “ಇನ್ನು ಮೆಲ್ಲಗೆ ಇಳಿಸಿ.”