ಲಂಡನ್ನಿನ ಎಂಟು ಗಂಟೆ, ನಮ್ಮ ಮನೆಯ ಕಸ

ಭೂಗೋಳದ ಮಾಸ್ತರನಿಗೆ ಜಗತ್ತಿನ ವಿಷಯವೆಲ್ಲ ಗೊತ್ತಿರುತ್ತದೆಂದು ಜನ ತಿಳಿಯುತ್ತಾರೆ. ಪಾಪ, ಅವರ ತಪ್ಪಲ್ಲ. ನಾನೂ ಹಾಗೇ ತಿಳಿದಿದ್ದೆ. ಹೊನ್ನಾವರದಿಂದ ನಮ್ಮೂರು ಮಂಕಿಗೆ ಹೋಗಲು ಹೊಳೆ ದಾಟಿಸುವ ಲಾಂಚನ್ನು ಪ್ರತಿ ಸಲವೂ ತಪ್ಪಿಸಿಕೊಂಡು ದಡದಲ್ಲಿ ಪೆಚ್ಚಾಗಿ ನಿಲ್ಲುವವನು ನಾನು. ತರಗತಿಯಲ್ಲಿ ಮಾತ್ರ ಹುಡುಗರನ್ನು ಒಂದೇ ಉಸಿರಿಗೆ ಪೆಸಿಫಿಕ್ ಸಾಗರ ದಾಟಿಸುತ್ತಿದ್ದೆ.

ಅರವತ್ತರ ದಶಕದ ಮಾತು. ಹೊನ್ನಾವರದ ಬಾಡಿಗೆ ಮನೆಯಲ್ಲಿ ನಾನು ಮತ್ತು ಗಂಡನನ್ನು ಕಳೆದುಕೊಂಡ ನನ್ನ ಅಕ್ಕ, ಇಬ್ಬರೇ. ಅವಳ ಒಬ್ಬಳೇ ಮಗಳು ಸುಶೀಲೆ ಮುಂಬಯಿಯಲ್ಲಿ ನರ್ಸಿಂಗ್ ಕಲಿತು, ಲಂಡನ್ನಿನ ಆಸ್ಪತ್ರೆಯೊಂದಕ್ಕೆ ವಿಮಾನದಲ್ಲಿ ಹೊರಟಿದ್ದಳು. ರಾತ್ರಿ ಒಂದಕ್ಕೆ ಮುಂಬಯಿ ಬಿಟ್ಟರೆ ಬೆಳಿಗ್ಗೆ ಎಂಟಕ್ಕೆ ಲಂಡನ್ ಎಂದು ಬರೆದಿದ್ದಳು. ಅಕ್ಕನದೊಂದು ಕಟ್ಟಳೆ: ಮನೆಯವರು ಪ್ರಯಾಣ ಹೊರಟರೆ, ಹೋದ ಊರು ಮುಟ್ಟುವ ತನಕ ಮನೆ ಗುಡಿಸುವಂತಿಲ್ಲ. ಕುಮಟೆಗೋ ಭಟ್ಕಳಕ್ಕೋ ಹೋದರೆ ಸರಿ, ಲಂಡನ್ನಿಗೆ?

"ಅದು ಮುಟ್ಟೂದು ಎಷ್ಟೊತ್ತಿಗೆ ತಮಾ? ಸರೀ ನೋಡಿ ಹೇಳು," ಎಂದಳು.

ಹಿಂದಿನ ಸಂಜೆ ನೆಲದ ಮೇಲೆ ಅಟ್ಲಾಸ್ ಹರವಿ, ಶೇಂಗಾ ಸುಲಿದು ತಿನ್ನುತ್ತ, ದಾರದಿಂದ ಅಳೆದೆ. ನಾಲ್ಕೂವರೆ ಸಾವಿರ ಮೈಲು. ಗಂಟೆಗೆ ಆರುನೂರರಂತೆ ಏಳೂವರೆ ತಾಸು. ಪತ್ರಕ್ಕೂ ಲೆಕ್ಕಕ್ಕೂ ಹೆಚ್ಚುಕಮ್ಮಿ ತಾಳೆಯಾಯಿತು! "ಬೆಳಿಗ್ಗೆ ಎಂಟೂವರೆಗೆ ಧಾರಾಳವಾಗಿ ಗುಡಿಸು," ಎಂದೆ. ಮರುದಿನ ಅಕ್ಕ ಆ ಹೊತ್ತಿಗೆ ಸರಿಯಾಗಿ ಕಸಬರಿಗೆ ಹಿಡಿದು ನಿಂತದ್ದನ್ನು ಕಣ್ಣಾರೆ ಕಂಡೇ ಶಾಲೆಗೆ ಹೊರಟೆ.

ಅಂದು ಪಾಠ ರೇಖಾಂಶದ್ದು. "ನಮ್ಮಲ್ಲಿ ನಡುಮಧ್ಯಾಹ್ನ ಆದಾಗ ಲಂಡನ್ನಿನಲ್ಲಿ ಇನ್ನೂ ಬೆಳಿಗ್ಗೆ ಆರೂವರೆ," ಎಂದು ಗತ್ತಿನಿಂದ ಹೇಳಿದೆ. ಹೇಳಿದವನೇ ತಟ್ಟನೆ ಹಿಂದೆ ತಿರುಗಿ ನೋಡಿದೆ. ಗೋಡೆಯ ಗಡಿಯಾರದಲ್ಲಿ ಆಗ ಹನ್ನೆರಡು. ಸುಶೀಲೆ ಇನ್ನೂ ಒಂದೂವರೆ ತಾಸು ಆಕಾಶದಲ್ಲೇ! ವಿಮಾನ ಎಣ್ಣೆ ತುಂಬಿಸಿಕೊಳ್ಳಲು ನಡುವೆ ಅಲ್ಲಲ್ಲಿ ಇಳಿದು ಏಳುತ್ತದೆಂಬುದೂ ನನಗೆ ಆಗಲೇ ಹೊಳೆದದ್ದು. ಇಲ್ಲಿ ಮನೆ ಗುಡಿಸಿ ಮೂರೂವರೆ ತಾಸು ಕಳೆದಿದೆ. ಇಂಥದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಸುಶೀಲೆ ನಾನು ಎತ್ತಿ ಆಡಿಸಿದ ಮಗು. ಆ ನಂಬಿಕೆಯಿಲ್ಲದ ಎದೆ ಸಂಜೆಯವರೆಗೂ ಡವಡವ ಹೊಡೆದುಕೊಂಡಿತು. ಮನೆಗೆ ಬಂದು ಅಕ್ಕನ ಮುಖ ನೋಡಲಾರದೆ ಒಳಗೆ ಶತಪಥ ಹಾಕಿದೆ. ಕಾಲಡಿ ಏನೋ ಚರಚರ ಎಂದದ್ದೂ ಲಕ್ಷ್ಯಕ್ಕೆ ಬರಲಿಲ್ಲ.

ಮರುದಿನ ತಂತಿ ಬಂತು, ಸುಖವಾಗಿ ತಲುಪಿದೆನೆಂದು. ನನಗೆ ಕಣ್ಣು ತುಂಬಿ ಬಂತು. ಆ ಧೈರ್ಯದಲ್ಲೇ ತಪ್ಪೊಪ್ಪಿಕೊಂಡೆ.

ಅಕ್ಕ ನಕ್ಕಳು. "ನಾ ಎಲ್ಲಿ ಗುಡಿಸಿದ್ದೆ? ನಿಂಗೆ ಬೇಜಾರಾಗ್ಬಾರ್ದು ಅಂತ ಕಸಬರಿಗೆ ಹಿಡ್ಕಂಡು ನಿಂತಿದ್ದೆ. ನೀ ಅಂಗಳದ ದಣಪೆ ದಾಟಿ ಹೊರಗೆ ಹೋದ ಕೂಡ್ಲೆ ಮೂಲೆಗಿಟ್ಟೆ, ತಂತಿ ಬರ್ಲಿ ಅಂತ. ಎದುರಿಗಿದ್ದ ಲಾಂಚೇ ಸಿಗೂದಿಲ್ಲ ನಿಂಗೆ, ವಿಮಾನದ ಲೆಕ್ಕ ಎಂತಕ್ಕೆ ನಂಬೂದು?"

ಕೆಳಗೆ ನೋಡಿದೆ. ನಾನು ಸುಲಿದೆಸೆದ ಶೇಂಗಾ ಸಿಪ್ಪೆ, ಎರಡು ದಿನ ನಾನೇ ತುಳಿದಾಡಿ ಪುಡಿಯಾಗಿ, ಅಲ್ಲಿಯೇ ಬಿದ್ದಿತ್ತು. ಕಸವನ್ನು ಕಂಡು ಅಷ್ಟು ಸಂತೋಷಪಟ್ಟದ್ದು ಬಾಳಿನಲ್ಲಿ ಅದೊಂದೇ ಸಲ. ನನ್ನ ಮಾನವನ್ನೂ ತನ್ನ ಮಗಳನ್ನೂ ಒಟ್ಟಿಗೇ ಕಾಯ್ದ ಅಕ್ಕನಿಗೆ ಎಷ್ಟು ಕೃತಜ್ಞನಾದರೂ ಕಡಿಮೆಯೇ.

ಅಂದಿನಿಂದ ನಾನು ಕುಮಟೆಗೆ ಹೊರಟರೂ, ಎಷ್ಟೊತ್ತಿಗೆ ಮುಟ್ಟುತ್ತೀಯೆಂದು ಅಕ್ಕ ಕೇಳುವುದಿಲ್ಲ. ನಾನು ತಿರುಗಿ ಬಂದು ಅಂಗಳದಲ್ಲಿ ನಿಂತ ಮೇಲೆಯೇ ಕಸಬರಿಗೆ ಎತ್ತಿಕೊಳ್ಳುತ್ತಾಳೆ.